ಸ್ಪರ್ಧೆಗೆ ಪಿಸ್ತೂಲು: ಯಾವ ಕ್ಯಾಲಿಬರ್ ತಗೋಬೇಕು? ಕೊಡಗಿನ ಹೊಸ ಶೂಟರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಮನೆಯಲ್ಲಿ ಕೋವಿ ಇದ್ದವರೇ ಸ್ಪರ್ಧೆಯ ಪಿಸ್ತೂಲು ಆರಿಸುವಾಗ ಜಾಸ್ತಿ ಎಡವುತ್ತಾರೆ. ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿಂದ ಬಂದರೂ ಮೊದಲ ಪ್ರಶ್ನೆ ಒಂದೇ: ".32 ತಗೊಳ್ಳಲಾ, .22 ತಗೊಳ್ಳಲಾ?" ಉತ್ತರ ಕೇಳಿಸಿಕೊಳ್ಳುವಷ್ಟರಲ್ಲಿ ಕೆಲವರು ಅಡ್ವಾನ್ಸ್ ಕೊಟ್ಟೇ ಬಂದಿರುತ್ತಾರೆ. ಆರು ತಿಂಗಳ ನಂತರ ಆ ಪಿಸ್ತೂಲು ಬೀರುವಿನಲ್ಲಿ ಕೂತಿರುತ್ತದೆ. ಅದಕ್ಕೆ ಗುಂಡು ಸಿಗುವುದಿಲ್ಲ, ಇಲ್ಲವೇ ಅದನ್ನು ಹಿಡಿದುಕೊಂಡು ಹೋದರೆ ಸ್ಪರ್ಧೆಯಲ್ಲಿ ಒಳಗೆ ಬಿಡುವುದಿಲ್ಲ.

ಕ್ಯಾಲಿಬರ್ (ನಳಿಗೆಯ ಒಳಗಿನ ಅಡ್ಡಳತೆ; .22, .32 ಅನ್ನುವುದು ಇಂಚಿನ ಲೆಕ್ಕ) ಕೊನೆಗೆ ತೀರ್ಮಾನ ಆಗಬೇಕಾದ ವಿಷಯ. ಮೊದಲು ಸ್ಪರ್ಧೆ, ಆಮೇಲೆ ಕಾಗದಪತ್ರ, ಆಮೇಲೆ ತಿಂಗಳು ತಿಂಗಳು ಸಿಗುವ ಗುಂಡು, ಆಮೇಲೆ ನಿಮ್ಮ ಕೈ. ಈ ನಾಲ್ಕೂ ಇತ್ಯರ್ಥ ಆದ ಮೇಲೆ ಆಯ್ಕೆಗೆ ಉಳಿಯುವುದು ಸಾಮಾನ್ಯವಾಗಿ ಒಂದೇ ಕ್ಯಾಲಿಬರ್.

ಶುರು ಮಾಡುವ ಮುಂಚೆ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಒಂದು ನೋಟ್‌ಬುಕ್, ಅಳತೆಗೆ ವರ್ನಿಯರ್ ಕ್ಯಾಲಿಪರ್, ನಿಮ್ಮ ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ನಕಲು, ಕಿವಿ ಮುಚ್ಚುವ ಮಫ್, ಕಣ್ಣಿಗೆ ಕನ್ನಡಕ, .22 ಡಮ್ಮಿ ಕಾಟ್ರಿಜ್ (ಮದ್ದಿಲ್ಲದ ನಕಲಿ ತೋಟಾ). ಟ್ರಿಗರ್ ತೂಕ, ಅಂದರೆ ಅದನ್ನು ಎಳೆಯಲು ಬೇಕಾದ ಬಲ ನೋಡುವ 500 ಗ್ರಾಂ ಮತ್ತು 1000 ಗ್ರಾಂ ತೂಕದ ಬಟ್ಟು ಕ್ಲಬ್‌ನಲ್ಲೇ ಇರುತ್ತದೆ, ಕೊಳ್ಳಬೇಕಿಲ್ಲ.

## ಹಂತ 1: ಯಾವ ಸ್ಪರ್ಧೆ ಅನ್ನುವುದನ್ನು ಮೊದಲು ಬರೆದಿಡಿ

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೋಳ್ದ್‌ನಲ್ಲಿ ತೆಂಗಿನಕಾಯಿಗೆ ಹೊಡೆಯುವಾಗ ಲೆಕ್ಕ ಸುಲಭ. ಕಾಯಿ ಒಡೆಯಿತೋ ಇಲ್ಲವೋ, ಅಷ್ಟೇ. ಕಾಗದದ ಗುರಿಯಲ್ಲಿ ಹಾಗಲ್ಲ. 10 ಮೀಟರ್ ಏರ್ ಪಿಸ್ತೂಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಬರೀ 11.5 ಮಿ.ಮೀ. ಅದಕ್ಕೆ 60 ಸಲ, ಒಂದೇ ಕೈಯಲ್ಲಿ ಹಿಡಿದು, ಎಲೆಕ್ಟ್ರಾನಿಕ್ ಗುರಿಯಾದರೆ 75 ನಿಮಿಷದೊಳಗೆ, ಕಾಗದದ್ದಾದರೆ 90 ನಿಮಿಷದೊಳಗೆ ಹೊಡೆಯಬೇಕು. ಹೆಗಲಿಗೆ ಒತ್ತಿ ಕೋವಿ ಹೊಡೆದ ಅನುಭವ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಹಿಂದಿನ ಸೈಟು, ಮುಂದಿನ ಸೈಟು ಎರಡನ್ನೂ ಸರಿಹೊಂದಿಸಿ ನೋಡುವ ಅಭ್ಯಾಸ ಇದ್ದರೆ ಒಳ್ಳೆಯದೇ. ಆದರೆ ಬಂದೂಕಿನ ಟ್ರಿಗರ್ ಎಳೆದ ಕೈ ಪಿಸ್ತೂಲಿನ ಟ್ರಿಗರನ್ನೂ ಜಗ್ಗಿಬಿಡುತ್ತದೆ.

ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದ ಪಿಸ್ತೂಲು ಸ್ಪರ್ಧೆಗಳು ಮತ್ತು ಅವುಗಳ ಕ್ಯಾಲಿಬರ್ ಹೀಗಿವೆ:

- 10 ಮೀಟರ್ ಏರ್ ಪಿಸ್ತೂಲ್: 4.5 ಮಿ.ಮೀ., ಅಂದರೆ .177. ಪುರುಷರು, ಮಹಿಳೆಯರು, ಮಿಶ್ರ ತಂಡ, ಮೂರೂ ಒಲಿಂಪಿಕ್ಸ್‌ನಲ್ಲಿವೆ.
- 25 ಮೀಟರ್ ಪಿಸ್ತೂಲ್, ಮಹಿಳೆಯರು: .22 ಲಾಂಗ್ ರೈಫಲ್ ಗುಂಡು, ಚುಟುಕಾಗಿ .22 ಎಲ್‌ಆರ್.
- 25 ಮೀಟರ್ ರ‍್ಯಾಪಿಡ್ ಫೈರ್, ಪುರುಷರು: .22 ಎಲ್‌ಆರ್.
- 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ತೂಲ್: .22 ಎಲ್‌ಆರ್.
- 50 ಮೀಟರ್ ಪಿಸ್ತೂಲ್: .22 ಎಲ್‌ಆರ್. 2016ರ ರಿಯೊ ನಂತರ ಒಲಿಂಪಿಕ್ಸ್‌ನಿಂದ ಹೊರಗೆ.
- 25 ಮೀಟರ್ ಸೆಂಟರ್ ಫೈರ್ (ಪಿನ್ನು ತೋಟಾದ ತಳದ ನಡುವಿಗೆ ಬಡಿಯುವ ಬಗೆ), ಪುರುಷರು: 7.62ರಿಂದ 9.65 ಮಿ.ಮೀ. ಒಳಗಿನದು, ರೂಢಿಯಲ್ಲಿ .32 ಅಥವಾ .38. ಇದು ಒಲಿಂಪಿಕ್ ಸ್ಪರ್ಧೆ ಅಲ್ಲ.

ಪಟ್ಟಿ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ದೊಡ್ಡ ಕ್ಯಾಲಿಬರ್ ಬೇಕಾಗುವುದು ಒಂದೇ ಒಂದು ಕಡೆ. ಉಳಿದದ್ದೆಲ್ಲ .177 ಮತ್ತು .22. "ಎಲ್ಲಾ ಸ್ಪರ್ಧೆಗೂ ಆಗುವಂಥದ್ದು ಒಂದು ಕೊಡಿ" ಅಂತ ಅಂಗಡಿಯಲ್ಲಿ ಕೇಳಬೇಡಿ. ಅಂಥದ್ದು ಇಲ್ಲ.

ಇನ್ನೊಂದು ಮಾತು. ಮೊಬೈಲಿನಲ್ಲಿ ನೋಡುವ, ಓಡುತ್ತಾ ಹೊಡೆಯುವ ಐಪಿಎಸ್‌ಸಿ ಶೈಲಿಯ ಸ್ಪರ್ಧೆಗಳ ಕ್ಯಾಲಿಬರ್ ಸಲಹೆ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಗುಂಡಿನ ತೂಕ ಮತ್ತು ವೇಗ ಗುಣಿಸಿ 'ಪವರ್ ಫ್ಯಾಕ್ಟರ್' ಅಂತ ಲೆಕ್ಕ ಹಾಕುತ್ತಾರೆ. ಕಡಿಮೆ ಶಕ್ತಿಯ 'ಮೈನರ್' ವರ್ಗದ ಗುಂಡಿಗೆ ಕನಿಷ್ಠ 125 ಬೇಕು, ಹೆಚ್ಚಿನವರು 9 ಎಂಎಂ ಹಿಡಿದಿರುತ್ತಾರೆ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸ್‌ನಲ್ಲಿ ಅದನ್ನು ಕೊಳ್ಳಲು ಆಗುವುದಿಲ್ಲ. ಆ ವಿಡಿಯೊಗಳನ್ನು ಸುಮ್ನೆ ಖುಷಿಗೆ ನೋಡಿ.

## ಹಂತ 2: ಕಾಗದ ನೋಡಿ, ಆಮೇಲೆ ಅಂಗಡಿ

ಕೊಡಗಿನವರು ಮುಗ್ಗರಿಸುವ ಜಾಗ ಇದು. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಬಂದೂಕು ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಇಷ್ಟು ಎಲ್ಲರಿಗೂ ಗೊತ್ತು. ಅದರಿಂದಲೇ "ನಮಗೆ ಯಾವ ಪಿಸ್ತೂಲಿಗೂ ಲೈಸೆನ್ಸ್ ಬೇಡ" ಅನ್ನುವ ತೀರ್ಮಾನಕ್ಕೆ ಹಾರಿಬಿಡುತ್ತಾರೆ.

ಹಾಗೆ ಹಾರಬೇಡಿ. ನಿಮ್ಮ ವಿನಾಯಿತಿ ಪತ್ರ ತೆಗೆದು ಓದಿ. ಅದರಲ್ಲಿ ಯಾರ ಹೆಸರಿದೆ, ಯಾವ ಬಗೆಯ ಆಯುಧ ಬರೆದಿದೆ, ಎಷ್ಟು ಗುಂಡಿಗೆ ಅವಕಾಶ ಇದೆ ಅನ್ನುವುದೇ ಮುಖ್ಯ. ಅಜ್ಜನ ಹೆಸರಿನ ಜೋಡಿ ನಳಿಗೆ ಕೋವಿಯ ಪತ್ರ ಇಟ್ಟುಕೊಂಡು ಮೊಮ್ಮಗ .22 ಪಿಸ್ತೂಲಿಗೆ ಗುಂಡು ಕೊಳ್ಳಲು ಬರುವುದಿಲ್ಲ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಕೊಳ್ಳಬೇಕೆಂದಿರುವ ಪಿಸ್ತೂಲಿನ ಬಗೆ ಮತ್ತು ಕ್ಯಾಲಿಬರ್ ಹೇಳಿ, ಉತ್ತರವನ್ನು ಲಿಖಿತವಾಗಿ ತಗೊಳ್ಳಿ. ಬಾಯಿಮಾತಿನ 'ಆಗುತ್ತೆ' ನಂಬಿ ಯಾರೂ ದುಡ್ಡು ಕಟ್ಟಬಾರದು.

ವಿನಾಯಿತಿ ಇಲ್ಲದವರಿಗೆ ದಾರಿ ಸಾಮಾನ್ಯ ಲೈಸೆನ್ಸೇ. ಅದಕ್ಕೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬ ಲೈಸೆನ್ಸ್‌ದಾರನಿಗೆ ಎರಡೇ ಆಯುಧ. ಮೊದಲು ಮೂರಿತ್ತು. ಮಾನ್ಯತೆ ಪಡೆದ ಶೂಟರ್‌ಗಳಿಗೆ ಪ್ರತ್ಯೇಕ ರಿಯಾಯಿತಿ ಇದೆ, ಆದರೆ ಹೊಸಬರಿಗೆ ಅದು ಸಿಗುವುದಿಲ್ಲ. ಆದ್ದರಿಂದ ತಪ್ಪು ಕ್ಯಾಲಿಬರ್ ಕೊಂಡರೆ ದುಡ್ಡಿನ ಜೊತೆಗೆ ಎರಡರಲ್ಲಿ ಒಂದು ಜಾಗವೂ ಹೋದಂತೆ. ತೋಟಕ್ಕೆ ಒಂದು ಕೋವಿ ಇದ್ದವರಿಗೆ ಉಳಿಯುವುದು ಒಂದೇ.

ಏರ್ ಪಿಸ್ತೂಲಿನ ಕಥೆ ಬೇರೆ. 2016ರ ಆಯುಧ ನಿಯಮಗಳ ಪ್ರಕಾರ .177 ಮೀರದ, 20 ಜೂಲ್ ಶಕ್ತಿ ಮೀರದ ಏರ್ ಆಯುಧಕ್ಕೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಐದಾರು ಜೂಲ್ ಆಸುಪಾಸಿನದು. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ಕೊಳ್ಳಬಹುದು. ಬಿಲ್ಲು ಜೋಪಾನವಾಗಿಡಿ.

## ಹಂತ 3: ತಿಂಗಳ ಗುಂಡಿನ ಲೆಕ್ಕ ಹಾಕಿ

ಪಿಸ್ತೂಲಿನ ಬೆಲೆ ಒಂದು ಸಲದ್ದು. ಗುಂಡಿನ ಖರ್ಚು ಪ್ರತಿ ತಿಂಗಳದ್ದು. ಈ ಲೆಕ್ಕ ಹಾಕದೆ ಕೊಂಡವರೇ ಮಧ್ಯದಲ್ಲಿ ಬಿಡುವುದು.

ವಾರಕ್ಕೆ ಮೂರು ದಿನ, ದಿನಕ್ಕೆ 60 ಗುಂಡು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 720. ಪೆಲೆಟ್ (ಏರ್ ಪಿಸ್ತೂಲಿನ ಸೀಸದ ಗುಂಡು) ಡಬ್ಬಿಯಲ್ಲಿ 500 ಇರುತ್ತವೆ, ಒಂದೂವರೆ ಡಬ್ಬಿ ಸಾಕು. .22 ಬಾಕ್ಸಿನಲ್ಲಿ 50, ಅಂದರೆ ಹದಿನಾಲ್ಕು ಹದಿನೈದು ಬಾಕ್ಸು. ಒಂದು ಸಲಕ್ಕೆ ಎಷ್ಟು ಕೊಳ್ಳಬಹುದು, ವರ್ಷಕ್ಕೆ ಎಷ್ಟು ಅಂತ ಲೈಸೆನ್ಸ್‌ನಲ್ಲೇ ಬರೆದಿರುತ್ತದೆ. ಆ ಸಂಖ್ಯೆಯನ್ನು ನಿಮ್ಮ 720ರ ಪಕ್ಕ ಬರೆಯಿರಿ. ಹೊಂದದಿದ್ದರೆ ಕ್ಲಬ್‌ನ ಮೂಲಕ ಸಿಗುವ ಗುಂಡನ್ನು ರೇಂಜ್‌ನಲ್ಲೇ ಬಳಸುವ ದಾರಿ ನೋಡಬೇಕು.

.22ರಲ್ಲಿ ಮ್ಯಾಚ್ ದರ್ಜೆಯ ಗುಂಡುಗಳು, ಅಂದರೆ ಎಲೀ, ಎಸ್‌ಕೆ, ಆರ್‌ಡಬ್ಲ್ಯೂಎಸ್, ಲಾಪುವಾ, ಎಲ್ಲ ಆಮದಿನವು. ಮಡಿಕೇರಿಯಿಂದ ಬೆಂಗಳೂರಿಗೆ 250 ಕಿ.ಮೀ. ಮೇಲೆ. ಸ್ಟಾಕ್ ಇದೆಯಾ ಅಂತ ಫೋನ್ ಮಾಡದೆ ಬಸ್ ಹತ್ತಬೇಡಿ. .32 ವ್ಯಾಡ್‌ಕಟರ್ (ತುದಿ ಚಪ್ಪಟೆಯ ಸ್ಪರ್ಧೆಯ ಗುಂಡು) ಅಂತೂ ಇನ್ನೂ ಅಪರೂಪ. ಪಿಸ್ತೂಲು ಮಾರುವವರನ್ನೇ ಕೇಳಿ: "ಇದರ ಗುಂಡು ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಬಂದಿದೆ?" ತಡವರಿಸಿದರೆ ಅದೇ ಉತ್ತರ.

## ಹಂತ 4: .177ರಿಂದ ಶುರು ಮಾಡಿ

ವಯಸ್ಸು ಎಷ್ಟೇ ಇರಲಿ, ಮನೆಯಲ್ಲಿ ಎಷ್ಟೇ ಕೋವಿ ಇರಲಿ, ನನ್ನ ಮಾತು ಇದೇ. ಏರ್ ಪಿಸ್ತೂಲಿನಲ್ಲಿ ಹಿಮ್ಮೆಟ್ಟು ಹೆಚ್ಚುಕಡಿಮೆ ಇಲ್ಲ. ಹಾಗಾಗಿ ತಪ್ಪು ಯಾರದ್ದು ಅನ್ನುವುದರಲ್ಲಿ ಗೊಂದಲ ಇಲ್ಲ. ಬಲಗೈಯಲ್ಲಿ ಹೊಡೆಯುವವರ ಗುಂಡು ಎಡಕ್ಕೆ ಕೆಳಗೆ ಹೋದರೆ ಸಾಮಾನ್ಯವಾಗಿ ಬೆರಳು ಜಗ್ಗಿದೆ. ಪೆಲೆಟ್ ಸೆಕೆಂಡಿಗೆ 150 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುವುದರಿಂದ ನಳಿಗೆಯೊಳಗೆ ತುಸು ಜಾಸ್ತಿ ಹೊತ್ತು ಇರುತ್ತದೆ. ಟ್ರಿಗರ್ ಒತ್ತಿದ ಮೇಲೂ ಕೈ ಕದಲಬಾರದು. ಈ ಅಭ್ಯಾಸ .22ಕ್ಕೆ ಹೋದಾಗ ನೇರವಾಗಿ ಕೈ ಹಿಡಿಯುತ್ತದೆ.

ನಿಯಮದ ಅಳತೆ ನೆನಪಿಡಿ. ಪಿಸ್ತೂಲಿನ ಒಟ್ಟು ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಇರಬೇಕು. ಪೂರ್ತಿ ಪಿಸ್ತೂಲು 420 x 200 x 50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು. ರೆಡ್ ಡಾಟ್, ಲೇಸರ್ ಯಾವುದೂ ನಡೆಯುವುದಿಲ್ಲ. ಹಿಡಿ ಮಣಿಕಟ್ಟಿಗೆ ಆಸರೆ ಕೊಡುವಂತಿರಬಾರದು.

ಪೆಲೆಟ್ ಕೊಳ್ಳುವಾಗ ತುದಿ ಚಪ್ಪಟೆಯದ್ದೇ ಬೇಕು. ಅದು ಕಾಗದದಲ್ಲಿ ದುಂಡಗೆ, ಅಂಚು ಹರಿಯದ ತೂತು ಮಾಡುತ್ತದೆ. ಚೂಪು ತುದಿಯದು ಕಾಗದವನ್ನು ಹರಿದುಬಿಡುತ್ತದೆ, ಅಂಕ ಎಣಿಸುವಾಗ ಜಗಳ. ಪಿಸ್ತೂಲಿಗೆ 0.45ರಿಂದ 0.50 ಗ್ರಾಂ ತೂಕದ್ದು ಸಾಕು. 0.53 ಗ್ರಾಮಿನದು ರೈಫಲ್‌ಗೆ. ಡಬ್ಬಿಯ ಮೇಲೆ 4.49, 4.50 ಅಂತ ತಲೆಯ ಅಳತೆ ಇರುತ್ತದೆ. ಎರಡೂ ತಂದು ಹೊಡೆದು ನೋಡಿ, ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ.

ಸೆಕೆಂಡ್ ಹ್ಯಾಂಡ್ ಏರ್ ಪಿಸ್ತೂಲು ಕೊಳ್ಳುವವರು ಗಾಳಿ ತುಂಬುವ ಸಿಲಿಂಡರ್ ಕಡೆ ಮೊದಲು ನೋಡಿ. ಅದರ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. ಹೆಚ್ಚಿನ ಸಿಲಿಂಡರ್‌ಗಳ ಆಯಸ್ಸು 10 ವರ್ಷ. ಅವಧಿ ಮುಗಿದದ್ದನ್ನು ಸ್ಪರ್ಧೆಗೆ ಒಯ್ಯುವಂತಿಲ್ಲ. ಅದರೊಳಗಿನ ಗಾಳಿಯ ಒತ್ತಡ 200 ಬಾರ್ ಅನ್ನುವುದು ನೆನಪಿದ್ದರೆ ಮನೆಯಲ್ಲೂ ಬಳಸುವ ಧೈರ್ಯ ಮಾಡುವುದಿಲ್ಲ. ಪಿಸ್ತೂಲು ಸೋವಿ ಸಿಕ್ಕಿತು ಅಂತ ಕುಣಿದು, ಹೊಸ ಸಿಲಿಂಡರ್ ಬೆಲೆ ಕೇಳಿದ ಮೇಲೆ ಸುಮ್ಮನಾದವರನ್ನು ನೋಡಿದ್ದೇನೆ.

ಇನ್ನು ನಮ್ಮ ಊರಿನದೇ ಒಂದು ತಾಪತ್ರಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆ ಗಾಳಿಯನ್ನು ಕೈಪಂಪಿನಲ್ಲಿ ಹೊಡೆದು ತುಂಬಿಸಿದರೆ ನೀರಿನ ಅಂಶವೂ ಸಿಲಿಂಡರ್ ಒಳಗೆ ಹೋಗುತ್ತದೆ. ಪಂಪಿಗೆ ತೇವ ಹೀರುವ ಫಿಲ್ಟರ್ ಹಾಕಿ. ಇಲ್ಲದಿದ್ದರೆ ಒಣ ಗಾಳಿ ತುಂಬಿದ ದೊಡ್ಡ ಟ್ಯಾಂಕಿನಿಂದ ತುಂಬಿಸಿಕೊಳ್ಳಿ.

ಕಾಫಿ ಗೋದಾಮಿನಲ್ಲಿ 10 ಮೀಟರ್ ಜಾಗ ಸಿಕ್ಕರೆ ಮನೆಯಲ್ಲೇ ರೇಂಜ್ ಮಾಡಬಹುದು. ಗುರಿಯ ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇರಲಿ. ಆ ಬದಿಯಲ್ಲಿ ಬಾಗಿಲು ಇರಬಾರದು. ಹೊಡೆದಾದ ಮೇಲೆ ಕೈ ತೊಳೆಯಿರಿ, ಅದು ಸೀಸ.

## ಹಂತ 5: .22 ಎಲ್‌ಆರ್‌ಗೆ ಯಾವಾಗ ಹೋಗಬೇಕು

ಏರ್ ಪಿಸ್ತೂಲಿನಲ್ಲಿ ಅಂಕ ಒಂದು ಮಟ್ಟಕ್ಕೆ ನಿಂತು, ಕೋಚ್ ಹೂಂ ಅಂದ ಮೇಲೆ. ಅಷ್ಟೇ.

25 ಮೀಟರ್‌ಗೆ .22 ಒಂದಿದ್ದರೆ ಮಹಿಳೆಯರ ಪಿಸ್ತೂಲ್, ಸ್ಟ್ಯಾಂಡರ್ಡ್, ರ‍್ಯಾಪಿಡ್ ಫೈರ್, ಎಲ್ಲಕ್ಕೂ ಅದೇ ಸಾಕು. ತೂಕ 1400 ಗ್ರಾಂ ಒಳಗೆ, ಟ್ರಿಗರ್ ಕನಿಷ್ಠ 1000 ಗ್ರಾಂ, ನಳಿಗೆ ಗರಿಷ್ಠ 153 ಮಿ.ಮೀ. ಆದರೆ ಸ್ಪರ್ಧೆಯ ವೇಗ ಒಂದೊಂದಕ್ಕೆ ಒಂದೊಂದು. ಮಹಿಳೆಯರ ಪಿಸ್ತೂಲಿನ ರ‍್ಯಾಪಿಡ್ ಭಾಗದಲ್ಲಿ ಗುರಿ ಮೂರು ಸೆಕೆಂಡ್ ತೋರಿ ಏಳು ಸೆಕೆಂಡ್ ಮರೆಯಾಗುತ್ತದೆ. ಪುರುಷರ ರ‍್ಯಾಪಿಡ್ ಫೈರ್‌ನಲ್ಲಿ ಐದು ಗುರಿಗೆ ಐದು ಗುಂಡು 8, 6, ಕೊನೆಗೆ 4 ಸೆಕೆಂಡಿನಲ್ಲಿ. ಹೊಸ ಹುಡುಗರು ಸ್ಟ್ಯಾಂಡರ್ಡ್ ಪಿಸ್ತೂಲಿನಿಂದ ಹೋಗುವುದು ವಾಸಿ. ಅಲ್ಲಿ ಐದು ಗುಂಡಿಗೆ 150, 20, 10 ಸೆಕೆಂಡ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಹಳೆಯ ಪಿಸ್ತೂಲು ಕೊಳ್ಳುವಾಗ ನಳಿಗೆಯ ಮೇಲಿನ ಬರಹ ಬೆಳಕಿಗೆ ಹಿಡಿದು ಓದಿ. '.22 ಎಲ್‌ಆರ್' ಅಂತಿರಬೇಕು. '.22 ಶಾರ್ಟ್' ಅಂತಿದ್ದರೆ ಅದು ಹಳೆಯ ಕಾಲದ ರ‍್ಯಾಪಿಡ್ ಫೈರ್ ಪಿಸ್ತೂಲು. 2005ರಿಂದ ನಿಯಮ ಬದಲಾಗಿದೆ, ಅದು ಈಗ ನಡೆಯುವುದಿಲ್ಲ. ಚೆಂದ ಇದೆ, ಬೆಲೆ ಕಡಿಮೆ ಅಂತ ಮರುಳಾಗಬೇಡಿ.

ಗುಂಡಿನಲ್ಲಿ ಬೇಕಾದ್ದು ಸ್ಟ್ಯಾಂಡರ್ಡ್ ವೆಲಾಸಿಟಿ. 40 ಗ್ರೇನ್ ಅಂದರೆ 2.6 ಗ್ರಾಂ ಸೀಸ, ವೇಗ ಸೆಕೆಂಡಿಗೆ 330 ಮೀಟರ್ ಹತ್ತಿರ. ಬಾಕ್ಸಿನ ಮೇಲೆ 'ಹೈ ವೆಲಾಸಿಟಿ' ಅಂತಿದ್ದರೆ ವಾಪಸ್ ಕೊಡಿ. ಸ್ಪರ್ಧೆಯ ಪಿಸ್ತೂಲಿನ ಸ್ಪ್ರಿಂಗ್ ಅದಕ್ಕೆ ಮಾಡಿದ್ದಲ್ಲ, ಬೋಲ್ಟ್ ಬಡಿದು ಬಡಿದು ಹಾಳಾಗುತ್ತದೆ. ಜೊತೆಗೆ ಹೊಡೆತವೂ ಜಾಸ್ತಿ, ಎರಡನೇ ಗುಂಡಿಗೆ ಕೈ ಮರಳುವುದು ತಡ.

ಡಮ್ಮಿ ಇಲ್ಲದೆ ಖಾಲಿ .22ರ ಟ್ರಿಗರ್ ಒತ್ತುವ ಮುಂಚೆ ಪಿಸ್ತೂಲಿನ ಪುಸ್ತಕ ನೋಡಿ. ಕೆಲವದರಲ್ಲಿ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ. ಇಲ್ಲದ್ದರಲ್ಲಿ ಪಿನ್ನು ಹೋಗಿ ಚೇಂಬರಿನ ಅಂಚಿಗೆ ಬಡಿಯುತ್ತದೆ.

ತೋಟದಲ್ಲಿ .22 ಅಭ್ಯಾಸ ಬೇಡವೇ ಬೇಡ. ಆ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್‌ಗೂ ಮೀರಿ ಹೋಗಬಲ್ಲದು. ಮಣ್ಣಿನ ದಿಬ್ಬ ಇದೆ ಅನ್ನುತ್ತಾರೆ. ದಿಬ್ಬದ ಆಚೆ ಲೈನ್‌ಮನೆ ಇರುತ್ತದೆ, ಕಾಫಿ ಕೊಯ್ಯುವವರು ಇರುತ್ತಾರೆ. ಅನುಮತಿ ಇರುವ ರೇಂಜ್ ಬಿಟ್ಟು ಬೇರೆಲ್ಲೂ ಹೊಡೆಯಬೇಡಿ.

## ಹಂತ 6: .32ರ ಬಲೆ

ಇಲ್ಲಿ ತುಸು ನಿಧಾನವಾಗಿ ಓದಿ. ದುಡ್ಡು ಕಳೆದುಕೊಳ್ಳುವುದು ಇಲ್ಲೇ ಜಾಸ್ತಿ.

'.32' ಅಂತ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾಟ್ರಿಜ್ ಓಡಾಡುತ್ತವೆ. ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಅಶನಿ ಪಿಸ್ತೂಲು .32 ಎಸಿಪಿ ತಿನ್ನುತ್ತದೆ. ಅವರದ್ದೇ .32 ರಿವಾಲ್ವರಿಗೆ ಬೇಕಾದ್ದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಸೆಂಟರ್ ಫೈರ್ ಸ್ಪರ್ಧೆಯ ಪಿಸ್ತೂಲುಗಳು, ಪಾರ್ದಿನಿ ಎಚ್‌ಪಿ ಅಥವಾ ವಾಲ್ಟರ್ ಜಿಎಸ್‌ಪಿಯ .32, ಎಸ್ ಅಂಡ್ ಡಬ್ಲ್ಯೂ ಲಾಂಗ್‌ನಲ್ಲೂ ವ್ಯಾಡ್‌ಕಟರ್ ಮಾತ್ರ ತಿನ್ನುತ್ತವೆ.

ವ್ಯಾಡ್‌ಕಟರನ್ನು ಕೈಯಲ್ಲಿ ಹಿಡಿದು ನೋಡಿ. ಸೀಸದ ತುದಿ ಹೊರಗೆ ಕಾಣುವುದೇ ಇಲ್ಲ, ಹಿತ್ತಾಳೆ ಕೊಳವೆಯ ಬಾಯಿಗೆ ಸಮ ಆಗಿ ಕೂತಿರುತ್ತದೆ. ಮುಚ್ಚಳ ಹಾಕಿದ ಪುಟ್ಟ ಡಬ್ಬಿಯ ಹಾಗೆ. ರಿವಾಲ್ವರಿನ ದುಂಡು ಮೂತಿಯದನ್ನು ಪಕ್ಕಕ್ಕೆ ಇಟ್ಟರೆ ಅದು ಅಷ್ಟು ಉದ್ದ ಮುಂದೆ ಚಾಚಿರುತ್ತದೆ. ಸ್ಪರ್ಧೆಯ ಪಿಸ್ತೂಲಿನ ಮ್ಯಾಗಜಿನ್‌ಗೆ ಆ ಉದ್ದ ಕೂರುವುದಿಲ್ಲ. ಒತ್ತಿ ತುರುಕಲು ನೋಡುವವರೂ ಇದ್ದಾರೆ. ಮ್ಯಾಗಜಿನ್ ತುಟಿ ಬಗ್ಗಿಹೋಗುತ್ತದೆ, ಆಮೇಲೆ ಸರಿಯಾದ ಗುಂಡೂ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು "ಅಶನಿ ಇದೆ, ಅದರಲ್ಲೇ ಸೆಂಟರ್ ಫೈರ್ ಹೊಡೀತೀನಿ" ಅನ್ನುವವರಿಗೆ. 25 ಮೀಟರ್ ಸ್ಪರ್ಧೆಗೆ ಬರೀ ಸೀಸದ ಅಥವಾ ಅಂಥದ್ದೇ ಮೆತ್ತನೆ ಲೋಹದ ಗುಂಡು ಮಾತ್ರ. ಕವಚ ಇರುವ ಗುಂಡಿಗೆ ಅವಕಾಶ ಇಲ್ಲ. ಅಂಗಡಿಯಲ್ಲಿ ಸಿಗುವ .32 ಎಸಿಪಿ ಸಾಮಾನ್ಯವಾಗಿ ಕವಚದ್ದು. ಅಲ್ಲಿಗೆ ಮುಗಿಯಿತು.

"ದೊಡ್ಡ ಗುಂಡು ದೊಡ್ಡ ತೂತು, ಗೆರೆ ಮುಟ್ಟಿದರೆ ಮೇಲಿನ ಅಂಕ" ಅಂತ .38ರ ಪರ ವಾದ ಮಾಡುತ್ತಾರೆ. ಕೇಳಲು ಸರಿಯೇ. ಆದರೆ ಐಎಸ್‌ಎಸ್‌ಎಫ್ ಸೆಂಟರ್ ಫೈರ್‌ನಲ್ಲಿ ತೀರ್ಪುಗಾರರು ತೂತಿಗೆ ಹಾಕುವ ಅಳತೆ ಗೇಜ್ ಎಲ್ಲಾ ಕ್ಯಾಲಿಬರ್‌ಗೂ 9.65 ಮಿ.ಮೀ.ದೇ. ನೀವು .32 ಹೊಡೆದರೂ ಲಾಭ ಅಷ್ಟೇ. .38 ವ್ಯಾಡ್‌ಕಟರಿನ 148 ಗ್ರೇನ್ ಗುಂಡು .32ರ 100 ಗ್ರೇನಿನದಕ್ಕಿಂತ ಕೈಯನ್ನು ಜಾಸ್ತಿ ಎತ್ತುತ್ತದೆ. ಸೆಂಟರ್ ಫೈರ್‌ನ ಮೂರು ಸೆಕೆಂಡಿನ ಭಾಗದಲ್ಲಿ ಅದು ನಿಮಗೇ ನಷ್ಟ. ಸೆಂಟರ್ ಫೈರ್ ಹೊಡೆಯಲೇಬೇಕು ಅನ್ನುವವರು .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ವ್ಯಾಡ್‌ಕಟರ್ ಪಿಸ್ತೂಲೇ ತಗೊಳ್ಳಿ. ಅದಕ್ಕೂ ಮುಂಚೆ .22ರಲ್ಲಿ ಒಂದೆರಡು ಸೀಸನ್ ಕಳೆಯಿರಿ.

## ಹಂತ 7: ಬೇರೆಯವರ ಪಿಸ್ತೂಲಿನಲ್ಲಿ ಕೈ ಪರೀಕ್ಷೆ

ಕೊಳ್ಳುವ ಮುಂಚೆ ಅದೇ ಕ್ಯಾಲಿಬರನ್ನು ಕ್ಲಬ್‌ನ ಪಿಸ್ತೂಲಿನಲ್ಲಿ ಹೊಡೆಯಿರಿ. ಐದು ಗುಂಡು ಹೊಡೆದು "ಆರಾಮ್ ಇದೆ" ಅನ್ನಬೇಡಿ. ಪೂರಾ 60 ಹೊಡೆಯಿರಿ. ಕೊನೆಯ ಇಪ್ಪತ್ತರಲ್ಲಿ ನಿಜ ಹೊರಬೀಳುತ್ತದೆ.

ಒಂದು ಸರಳ ಪರೀಕ್ಷೆ ಇದೆ. ಮ್ಯಾಗಜಿನ್ ಅನ್ನು ಕೋಚ್ ತುಂಬಿಸಲಿ, ನಡುವೆ ಒಂದೆರಡು ಡಮ್ಮಿ ಸೇರಿಸಲಿ, ಎಲ್ಲಿ ಅಂತ ನಿಮಗೆ ಹೇಳಬಾರದು. ಡಮ್ಮಿಯ ಮೇಲೆ ಟ್ರಿಗರ್ ಒತ್ತಿದಾಗ ಮುಂದಿನ ಸೈಟು ಕದಲದೆ ನಿಂತರೆ ಆ ಕ್ಯಾಲಿಬರ್ ನಿಮ್ಮ ಕೈಗೆ ಆಗುತ್ತದೆ. ಮೂತಿ ದಬಕ್ಕನೆ ಕೆಳಗೆ ಇಳಿದರೆ ನೀವು ಶಬ್ದಕ್ಕೂ ಹೊಡೆತಕ್ಕೂ ಮೊದಲೇ ಹೆದರುತ್ತಿದ್ದೀರಿ. ಒಂದು ಕ್ಯಾಲಿಬರ್ ಕೆಳಗಿಳಿಯಿರಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದು ಏನಿಲ್ಲ. ಹನ್ನೆರಡು ಬೋರ್ ಸಲೀಸಾಗಿ ಹೊಡೆಯುವವರಿಗೂ ಹೀಗಾಗುತ್ತದೆ.

ಹಿಡಿಯನ್ನೂ ಇದೇ ಹೊತ್ತಿಗೆ ನೋಡಿ. ದೊಡ್ಡ ಹಿಡಿಯಲ್ಲಿ ಬೆರಳಿನ ತುದಿಯಷ್ಟೇ ಟ್ರಿಗರ್ ಮುಟ್ಟಿದರೆ ಗುಂಡು ಪಕ್ಕಕ್ಕೆ ಹೋಗುತ್ತದೆ. ಆಗ ದೂರು ಕ್ಯಾಲಿಬರ್ ಮೇಲೆ ಹೋಗುತ್ತದೆ, ಪಾಪ.

## ಹಂತ 8: ಕೊಂಡ ಮೇಲೆ ಗುಂಡಿನ ಜೋಡಿ ಹುಡುಕಿ

ಒಂದೇ ಬ್ರ್ಯಾಂಡ್ ಎಲ್ಲಾ ನಳಿಗೆಗೂ ಒಗ್ಗುವುದಿಲ್ಲ. ಎರಡು ಮೂರು ಬಗೆ ತಂದು, ಕೈಯನ್ನು ಮರಳಿನ ಚೀಲದ ಮೇಲೆ ಇಟ್ಟು, 25 ಮೀಟರ್‌ಗೆ ಹತ್ತು ಹತ್ತು ಗುಂಡು ಹೊಡೆಯಿರಿ. ಬ್ರ್ಯಾಂಡ್ ಬದಲಿಸಿದಾಗ ಮೊದಲ ಹತ್ತನ್ನು ಲೆಕ್ಕಕ್ಕೆ ಇಡಬೇಡಿ, ನಳಿಗೆಯಲ್ಲಿ ಹಿಂದಿನದರ ಮೇಣ ಇರುತ್ತದೆ. ಪ್ರಿಸಿಷನ್ ಗುರಿಯ ಹತ್ತರ ವೃತ್ತ 50 ಮಿ.ಮೀ. ಹತ್ತೂ ಅದರೊಳಗೆ ಬೀಳಬೇಕು. ಚೆನ್ನಾಗಿ ಒಗ್ಗಿದ ಗುಂಡು ಅದರ ಅರ್ಧ ಜಾಗದಲ್ಲೇ ಗುಂಪಾಗುತ್ತದೆ. ಕ್ಯಾಲಿಪರಿನಲ್ಲಿ ಅಳೆದು, ಬಾಕ್ಸಿನ ಲಾಟ್ ನಂಬರ್ ಸಮೇತ ನೋಟ್‌ಬುಕ್‌ಗೆ ಇಳಿಸಿ. ಹೊಂದಿದ ಲಾಟನ್ನೇ ಲೈಸೆನ್ಸ್ ಬಿಟ್ಟಷ್ಟು ಕೊಂಡಿಡಿ.

## ಈ ಲಕ್ಷಣ ಕಂಡರೆ ಕೈ ನಿಲ್ಲಿಸಿ

ಪುಸ್ ಅನ್ನುವ ಸದ್ದು. ಢಂ ಅನ್ನುವ ಬದಲು ಪುಸ್ ಅಂದರೆ ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಮುಂದಿನ ಗುಂಡು ಹೊಡೆದರೆ ನಳಿಗೆ ಒಡೆಯಬಹುದು. ಪಿಸ್ತೂಲು ಗುರಿಯ ಕಡೆಗೇ ಇರಲಿ, ಕೈ ಎತ್ತಿ ರೇಂಜ್ ಅಧಿಕಾರಿಯನ್ನು ಕರೆಯಿರಿ.

ಪಿನ್ ಬಿತ್ತು, ಗುಂಡು ಹಾರಲಿಲ್ಲ. ತಕ್ಷಣ ತೆರೆಯಬೇಡಿ. ಮೂತಿ ಗುರಿಯ ಕಡೆ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ. ಕೆಲವು ತಡವಾಗಿ ಸಿಡಿಯುತ್ತವೆ. ಮತ್ತೆ ಮತ್ತೆ ಹೀಗಾದರೆ ಗುಂಡು ತೇವ ಕುಡಿದಿದೆ, ಇಲ್ಲವೇ ಪಿನ್ನು ಸವೆದಿದೆ.

ಕಾಗದದಲ್ಲಿ ಉದ್ದನೆಯ ತೂತು. ಗುಂಡು ಅಡ್ಡ ತಿರುಗಿ ಹೋಗಿದೆ. ತಪ್ಪು ಅಳತೆಯ ಗುಂಡು ಅಥವಾ ಸವೆದ ನಳಿಗೆ. ಹಳೆಯ ಪಿಸ್ತೂಲು ನೋಡಲು ಹೋದಾಗ ಮಾಲೀಕರ ಹಳೆಯ ಗುರಿ ಕಾಗದ ಕೇಳಿ ತೆಗೆದು ನೋಡುವುದು ಇದಕ್ಕೇ.

ಅಂಕ ದಿನದಿಂದ ದಿನಕ್ಕೆ ಇಳಿಯುತ್ತಿದೆ, ಮೊಣಕೈ ನೋಯುತ್ತಿದೆ. ಪಿಸ್ತೂಲು ನಿಮ್ಮ ಕೈಗೆ ಭಾರ. ಎರಡು ವಾರ .177ಗೆ ವಾಪಸ್ ಹೋಗಿ.

## ಮಳೆಗಾಲದ ಜೋಪಾನ

ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಚರ್ಮದ ಚೀಲಕ್ಕೂ ಬೂಷ್ಟು ಬರುತ್ತದೆ, ಅಲ್ವಾ? ಪಿಸ್ತೂಲನ್ನು ಚರ್ಮದ ಉರೆಯಲ್ಲೋ ಸ್ಪಂಜಿನ ಪೆಟ್ಟಿಗೆಯಲ್ಲೋ ತಿಂಗಳುಗಟ್ಟಲೆ ಇಡಬೇಡಿ, ಅವು ತೇವ ಹಿಡಿದಿಡುತ್ತವೆ. ಎಣ್ಣೆ ತೆಳ್ಳಗೆ ಸವರಿ, ಬೀಗದ ಕಬ್ಬಿಣದ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಗುಂಡು ಬೇರೆ ಬೀಗದಲ್ಲಿ. ಪೆಲೆಟ್ ಡಬ್ಬಿ ತೆರೆದಾಗ ಬಿಳಿ ಪುಡಿ ಕಂಡರೆ ಆ ಡಬ್ಬಿಯನ್ನು ಅಭ್ಯಾಸಕ್ಕೂ ಬಳಸಬೇಡಿ, ನಳಿಗೆ ಗೀರುತ್ತದೆ. .22 ಬಾಕ್ಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಒಳಗಿನ ಸಿಲಿಕಾ ಜೆಲ್ ಬಣ್ಣ ಬದಲಾದಾಗಲೆಲ್ಲ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಮಳೆಗಾಲಕ್ಕೆ ಅಂತ ಒಟ್ಟಿಗೆ ಕೊಂಡಿಟ್ಟ ಗುಂಡಿನಲ್ಲಿ ಹಳೆಯ ಬಾಕ್ಸ್ ಮೊದಲು ಖಾಲಿಯಾಗಲಿ.